ಕತ್ತಲಲ್ಲಿ ಕಣ್ಣು ತಾನಾಗಿ ಉರಿಯುವುದಿಲ್ಲ

ಮಾನ್ಯ ಸಂಪಾದಕರೇ,

ರಾತ್ರಿ ಓಡಾಡುವ ಕಾಡುಪ್ರಾಣಿಗಳ ಬಗ್ಗೆ ಮಕ್ಕಳ ಪುಟಗಳಲ್ಲಿ ಬರಹ ಬಂದಾಗಲೆಲ್ಲ ಕೆಲವು ಹಳೆಯ ತಪ್ಪುಗಳೂ ಜೊತೆಗೇ ಬರುತ್ತವೆ. ಚಿರತೆಯ ಕಣ್ಣು ಕೆಂಡದಂತೆ ಉರಿಯುತ್ತದೆ, ಗೂಬೆಗೆ ಎಂಥ ಕಗ್ಗತ್ತಲಲ್ಲೂ ಕಾಣುತ್ತದೆ, ಬಾವಲಿ ಕುರುಡು, ಮುಳ್ಳುಹಂದಿ ಮುಳ್ಳನ್ನು ಬಾಣದಂತೆ ಬಿಡುತ್ತದೆ. ನಾಲ್ಕೂ ಸುಳ್ಳು. ಐದಾರು ವರ್ಷದ ಮಗುವಿಗೂ ನಿಜ ಏನೆಂದು ತೋರಿಸಿಯೇ ಹೇಳಬಹುದು. ಅದಕ್ಕೆ ಬೇಕಾದದ್ದು ಒಂದು ಟಾರ್ಚು ಮತ್ತು ಸ್ವಲ್ಪ ತಾಳ್ಮೆ.

ಚಿರತೆ, ಪುನುಗುಬೆಕ್ಕು, ಜಿಂಕೆಗಳ ಅಕ್ಷಿಪಟದ, ಅಂದರೆ ಕಣ್ಣೊಳಗೆ ಬೆಳಕನ್ನು ಗ್ರಹಿಸುವ ಪರದೆಯ ಹಿಂದೆ ಕನ್ನಡಿಯಂಥ ಪದರವೊಂದಿದೆ. ಒಳಹೋದ ಬೆಳಕು ಅದಕ್ಕೆ ಬಡಿದು ಮರಳುವಾಗ ಕಣ್ಣು ಅದನ್ನು ಎರಡನೇ ಸಲ ಬಳಸಿಕೊಳ್ಳುತ್ತದೆ. ಮಿಕ್ಕಿ ಹೊರಬಂದದ್ದೇ ನಮಗೆ ಕಾಣುವ ಹೊಳಪು. ಅದು ಹೋದ ದಾರಿಯಲ್ಲೇ ಹಿಂದಿರುಗುವುದರಿಂದ ಟಾರ್ಚನ್ನು ಸೊಂಟದ ಬಳಿ ಹಿಡಿದವರಿಗೆ ಹೆಚ್ಚುಕಡಿಮೆ ಏನೂ ಕಾಣದು. ಕಣ್ಣಿನ ಮಟ್ಟಕ್ಕೆ, ಹಣೆಯ ಪಕ್ಕದಲ್ಲೇ ಹಿಡಿಯಬೇಕು. ಇದನ್ನು ನೋಡಲು ಕಾಡಿಗೇ ಹೋಗಬೇಕಿಲ್ಲ. ರಾತ್ರಿ ಹುಲ್ಲಿನ ಮೇಲೆ ಹೀಗೆ ಬೆಳಕು ಹಾಯಿಸಿದರೆ ಇಬ್ಬನಿಯಂಥ ಚುಕ್ಕಿಗಳು ಮಿನುಗುತ್ತವೆ. ಬಗ್ಗಿ ನೋಡಿದರೆ ಎಷ್ಟೋ ಸಲ ಅದು ಜೇಡದ ಕಣ್ಣು!

ಕತ್ತಲಿಗೆ ಕಣ್ಣು ಒಗ್ಗುವುದನ್ನೂ ಮಕ್ಕಳೇ ಪರೀಕ್ಷಿಸಲಿ. ಮಂದ ಬೆಳಕು ಮಾತ್ರ ಇರುವ ಕೋಣೆಯಲ್ಲಿ 20ರಿಂದ 30 ನಿಮಿಷ ಕೂರಿಸಿ, ಕೆಂಪು, ಹಸಿರು, ನೀಲಿ ಬಳಪಗಳನ್ನು ಕೊಟ್ಟು ಬಣ್ಣ ಹೇಳಿಸಿ. ಬಳಪದ ಆಕಾರ ಸಿಗುತ್ತದೆ, ಬಣ್ಣ ಸಿಗುವುದಿಲ್ಲ. ಕೆಂಪಂತೂ ಕಪ್ಪಾಗಿಯೇ ತೋರುತ್ತದೆ. ಮಂದ ಬೆಳಕಿನಲ್ಲಿ ದುಡಿಯುವ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗದು. ಈ ಪ್ರಯೋಗ ಕೆಡುವುದು ಸಾಮಾನ್ಯವಾಗಿ ದೊಡ್ಡವರಿಂದ. ನಡುವೆ ಒಮ್ಮೆ ಮೊಬೈಲ್ ಪರದೆ ಬೆಳಗಿತೋ, ಒಗ್ಗಿದ್ದ ಕಣ್ಣು ಕೆಟ್ಟಿತು, ಮತ್ತೆ ಮೊದಲಿನಿಂದ ಕಾಯಬೇಕು. ಬೆಳಕು ಬೇಕೇಬೇಕಾದರೆ ಟಾರ್ಚಿನ ಬಾಯಿಗೆ ಎರಡು ಮೂರು ಪದರ ಕೆಂಪು ಜಿಲೇಟಿನ್ ಕಾಗದ ಕಟ್ಟಿ. ಆ ಕೋಶಗಳನ್ನು ಕೆಂಪು ಬೆಳಕು ಅಷ್ಟಾಗಿ ಕೆಣಕುವುದಿಲ್ಲ.

ಬೆಳಕು ಒಂದಿಷ್ಟೂ ಇಲ್ಲದ ಕಡೆ ಗೂಬೆಗೂ ಏನೂ ಕಾಣದು. ಅಲ್ಲಿ ಅದಕ್ಕೆ ಕಿವಿಯೇ ಆಸರೆ. ಕಣಜದ ಗೂಬೆಯ ಒಂದು ಕಿವಿ ಇನ್ನೊಂದಕ್ಕಿಂತ ಮೇಲಿರುವುದರಿಂದ, ಇಲಿಯ ಸದ್ದು ಎಡದಿಂದಲೋ ಬಲದಿಂದಲೋ ಎಂಬುದಷ್ಟೇ ಅಲ್ಲ, ಎಷ್ಟು ಕೆಳಗಿನಿಂದ ಎಂಬುದೂ ಅದಕ್ಕೆ ತಿಳಿಯುತ್ತದೆ. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಸುತ್ತಲೂ ಚಪ್ಪಾಳೆ ತಟ್ಟಿ ನೋಡಿ: ಎಡ ಬಲ ತಕ್ಷಣ ಹೇಳುತ್ತದೆ, ನೇರ ಮುಂದೆ ಅಥವಾ ನೇರ ಹಿಂದೆ ತಟ್ಟಿದರೆ ತಡವರಿಸುತ್ತದೆ. ಗೂಬೆಯ ಕಣ್ಣುಗುಡ್ಡೆ ಅಲುಗಾಡದು ಎಂಬುದನ್ನೂ ಇಲ್ಲೇ ಹೇಳಿಬಿಡಬಹುದು. ಕತ್ತನ್ನು ಸುಮಾರು 270 ಡಿಗ್ರಿ ತಿರುಗಿಸುವುದು ಅದಕ್ಕೇ. ಪೂರ್ತಿ ಸುತ್ತು ಅಲ್ಲ.

ಬಾವಲಿಗಳಲ್ಲಿ ಯಾವುದೂ ಕುರುಡಲ್ಲ. ಹುಳ ಹಿಡಿಯುವ ಸಣ್ಣ ಬಾವಲಿಗಳು ಕೂಗಿ, ಪ್ರತಿಧ್ವನಿ ಕೇಳಿ ದಾರಿ ಅರಿಯುತ್ತವೆ. ಆ ಕೂಗು ಬಹುಪಾಲು 20,000 ಹರ್ಟ್ಸ್‌ಗಿಂತ ಮೇಲಿನದು, ನಮ್ಮ ಕಿವಿಗೆ ನಿಲುಕದು. ಹಣ್ಣು ತಿನ್ನುವ ದೊಡ್ಡ ಬಾವಲಿಗಳು ನೆಚ್ಚುವುದು ಕಣ್ಣು ಮೂಗುಗಳನ್ನು. ಇನ್ನು ಮುಳ್ಳುಹಂದಿ ಮುಳ್ಳನ್ನು ಎಸೆಯುವುದಿಲ್ಲ. ಹೆದರಿದಾಗ ಬಾಲ ಗಲಗಲಿಸಿ, ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗುತ್ತದೆ. ಬಿಗಿ ಇಲ್ಲದ ಮುಳ್ಳು ಚುಚ್ಚಿದಲ್ಲೇ ಉಳಿದುಬಿಡುತ್ತದೆ.

ಇಂಥ ಪ್ರಯೋಗಗಳನ್ನು ಅಚ್ಚು ಹಾಕುವಾಗ ಒಂದು ಎಚ್ಚರಿಕೆಯೂ ಜೊತೆಗಿರಲಿ: ಟಾರ್ಚಿನ ಬೆಳಕನ್ನು ಪ್ರಾಣಿಯ ಮುಖಕ್ಕೇ ಹಿಡಿದು ನಿಲ್ಲಬಾರದು, ಫ್ಲ್ಯಾಶ್ ಬಳಸಿ ಫೋಟೊ ತೆಗೆಯಬಾರದು. ಕಾಡುಪಾಪದಂಥ ದೊಡ್ಡ ಕಣ್ಣಿನ ಪ್ರಾಣಿಗೆ ಆ ಬೆಳಕು ತಡೆಯದು. ಹೊಳಪು ಕಂಡಿತೆಂದರೆ ಎರಡೇ ಕ್ಷಣದಲ್ಲಿ ಟಾರ್ಚನ್ನು ಪಕ್ಕಕ್ಕೆ ತಿರುಗಿಸಬೇಕು.

– ಮಕ್ಕಳಿಗೆ ಕಾಡಿನ ಪಾಠ ಹೇಳುವ ಓದುಗರು