ಭಾನುವಾರದ ಮಾತುಕತೆ: ಆಳುವವರು ಬರೋದು ಎಲ್ಲಿಂದ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಮಡಿಕೇರಿಯಲ್ಲಿ, ಹೋದ ಸಲದ ಮನೆಯಲ್ಲೇ ಸೇರೋಣ. ಮಳೆ ಜೋರಿದೆ, ಕರೆಂಟ್ ನಂಬಬೇಡಿ, ಟಾರ್ಚ್ ತನ್ನಿ.

ಹೋದ ಸಲ "ನಮ್ಮ ರಾಜಕಾರಣಿಗಳು ಮಾತ್ರ ಹೀಗೆ" ಅಂತ ಶುರುವಾದ ಮಾತು, ಲೋಟದ ಕಾಫಿ ಕೆನೆಗಟ್ಟುವವರೆಗೆ ನಡೆಯಿತಲ್ಲ, ಅದಕ್ಕೇ ಈ ವಿಷಯ.

ಫ್ರಾನ್ಸ್ ನೋಡಿ. ದೊಡ್ಡ ಅಧಿಕಾರಿಗಳನ್ನು ತಯಾರು ಮಾಡಲು 1945ರಲ್ಲಿ 'ಎನಾ' ಎಂಬ ಶಾಲೆ ತೆರೆದರು. ಅಲ್ಲಿ ಓದಿದವರಲ್ಲಿ ಶಿರಾಕ್, ಒಲಾಂದ್, ಮ್ಯಾಕ್ರಾನ್ ಸೇರಿ ನಾಲ್ವರು ದೇಶದ ಅಧ್ಯಕ್ಷರೇ ಆದರು. ಎಲ್ಲ ಕುರ್ಚಿಯಲ್ಲೂ ಒಂದೇ ಶಾಲೆಯವರು ಅನ್ನುವ ಸಿಟ್ಟು ಜನರಲ್ಲಿ ಜಾಸ್ತಿಯಾಯಿತು. ಕೊನೆಗೆ ಮ್ಯಾಕ್ರಾನ್ ತಾವು ಓದಿದ ಶಾಲೆಯನ್ನೇ 2021ರ ಕೊನೆಗೆ ಮುಚ್ಚಿಸಿದರು. ಅದರ ಜಾಗಕ್ಕೆ ಇನ್ನೊಂದು ಹೆಸರಿನ ಶಾಲೆ ಬಂತು ಅನ್ನಿ!

ಜಪಾನಿನ ಶಿಂಜೊ ಅಬೆಯವರ ತಾಯಿಯ ತಂದೆಯೂ ಪ್ರಧಾನಿಯಾಗಿದ್ದವರು. ವಂಶದ ರಾಜಕೀಯ ನಮ್ಮೊಬ್ಬರ ಆಸ್ತಿಯೇನಲ್ಲ, ಅಲ್ವಾ? ನನಗೆ ಹಿಡಿಸಿದ್ದು ಸ್ವಿಟ್ಜರ್ಲೆಂಡ್. ಸರ್ಕಾರ ನಡೆಸುವ 7 ಜನರೂ ಸಮ, ಅಧ್ಯಕ್ಷಗಿರಿ ವರ್ಷಕ್ಕೊಬ್ಬರಿಗೆ.

ನಮ್ಮ ಕೊಡಗೂ 1956ರವರೆಗೆ ಬೇರೆ ರಾಜ್ಯವೇ. 1952ರ ಚುನಾವಣೆಯಲ್ಲಿ 24 ಶಾಸಕರು ಆರಿಸಿ ಬಂದರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಆ ಕಾಲ ಕಂಡ ಹಿರಿಯರು ಮನೆಯಲ್ಲಿದ್ದರೆ ಜೊತೆಗೇ ಕರೆತನ್ನಿ.

ಪಕ್ಷದ ಫಾರ್ವರ್ಡ್‌ಗಳನ್ನು ಸುಮ್ನೆ ಇಲ್ಲಿ ಹಾಕಬೇಡಿ. ಬರುವವರು ಶನಿವಾರ ರಾತ್ರಿಯೊಳಗೆ ತಿಳಿಸಿ, ತಿಂಡಿ ಲೆಕ್ಕ ಹಾಕಬೇಕು.