ಬೇಸಿಗೆಯ ಚಾರಣಕ್ಕೆ ಶೂ ಕೊಳ್ಳುವ ಮುಂಚೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬೇಸಿಗೆಯಲ್ಲಿ ಬೆಟ್ಟ ಹತ್ತಲು ಹೊರಟಿದ್ದೀಯ, ಗಿಣ್ಣು ಮುಚ್ಚುವ ಬೂಟು ಕೊಳ್ಳುವುದೋ, ಕಾಲುದಾರಿಗೆಂದೇ ಮಾಡಿದ ಗಿಡ್ಡ ಕತ್ತಿನ ಹಗುರ ಟ್ರೇಲ್ ಶೂ ಕೊಳ್ಳುವುದೋ ತಿಳಿಯದೆ ನನ್ನನ್ನು ಕೇಳಿದ್ದೀಯ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸವೆದ ಕಾಲುದಾರಿ ಇರುವ ಕಡೆ, ಬೆನ್ನ ಮೇಲಿನ ಹೊರೆ ಹತ್ತು ಕಿಲೋ ದಾಟದಿದ್ದರೆ, ಟ್ರೇಲ್ ಶೂ ಸಾಕು. ಜಾಲರಿ ಬಟ್ಟೆಯದು, ವಾಟರ್‌ಪ್ರೂಫ್ ಅಲ್ಲದ್ದು, ನೀನು ದಿನಾ ಹಾಕುವ ಶೂಗಿಂತ ಅರ್ಧ ಸೈಜೋ ಒಂದು ಸೈಜೋ ದೊಡ್ಡದು. ಹೀಗೇಕೆ ಎಂಬುದು ಮನಸ್ಸಿನಲ್ಲಿದ್ದರೆ ಅಂಗಡಿಯಲ್ಲಿ ಯಾರು ಏನು ಹೇಳಿದರೂ ನೀನು ಗೊಂದಲಕ್ಕೆ ಬೀಳುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ಪಾದವನ್ನು ಕಾಡುವುದು ಕಲ್ಲು ಮುಳ್ಳಿಗಿಂತ ಸೆಕೆ ಮತ್ತು ಬೆವರು. ಬಿಸಿಲಲ್ಲಿ ನಡೆಯುತ್ತ ಹೋದಂತೆ ರಕ್ತನಾಳಗಳು ಹಿಗ್ಗಿ ಪಾದ ಊದಿಕೊಳ್ಳುತ್ತದೆ. ಬೆಳಿಗ್ಗೆ ಹಿತವಾಗಿದ್ದ ಶೂ ಮಧ್ಯಾಹ್ನದ ಹೊತ್ತಿಗೆ ಬಿಗಿಯುವುದು ಇದರಿಂದಲೇ. ಬೆವರಿಗೆ ನೆನೆದ ಚರ್ಮ ಮೆತ್ತಗಾಗಿ ಕಾಲುಚೀಲಕ್ಕೆ ಅಂಟಿಕೊಳ್ಳುತ್ತದೆ. ಒಳಗಿನ ಮೂಳೆ ಹೆಜ್ಜೆ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತದೆ, ಮೇಲಿನ ಚರ್ಮ ಮಾತ್ರ ಅಂಟಿಕೊಂಡೇ ಇರುತ್ತದೆ. ಈ ಎಳೆದಾಟದಲ್ಲಿ ಚರ್ಮದ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬಿದರೆ ಅದೇ ಬೊಬ್ಬೆ. ಹಾಗಾಗಿ ಶೂ ಕೈಗೆತ್ತಿಕೊಂಡಾಗ ಒಳಗೆ ಜಾಗ ಇದೆಯೇ, ಗಾಳಿ ಆಡುತ್ತದೆಯೇ ಎಂಬುದನ್ನೇ ಮೊದಲು ನೋಡು. ಬಣ್ಣ, ಹೆಸರು ಎಲ್ಲ ಆಮೇಲೆ.

ವಾಟರ್‌ಪ್ರೂಫ್ ಎಂಬ ಚೀಟಿಗೆ ಮಾತ್ರ ಮರುಳಾಗಬೇಡಮ್ಮ. ಗೋರ್‌ಟೆಕ್ಸ್‌ನಂಥ ಪೊರೆ ಹೊರಗಿನ ನೀರನ್ನು ತಡೆಯುತ್ತದೆ, ಒಳಗಿನ ಬೆವರನ್ನು ಆವಿಯಾಗಿ ಹೊರಗೆ ಬಿಡುತ್ತದೆ, ನಿಜ. ಆದರೆ ಹೊರಗೂ ಸೆಕೆ, ಗಾಳಿಯಲ್ಲೂ ತೇವ ಇದ್ದಾಗ ಆವಿ ಹೋಗುವ ವೇಗ ತೀರ ಕಡಿಮೆಯಾಗುತ್ತದೆ, ಪಾದ ಒಳಗೇ ಬೇಯುತ್ತದೆ. ಇನ್ನು ಹಳ್ಳ ದಾಟುವಾಗ ನೀರು ಶೂ ಬಾಯಿಯಿಂದ ಒಳಗೆ ನುಗ್ಗಿತೋ, ಅದೇ ಪೊರೆ ಅದನ್ನು ಹೊರಗೆ ಹೋಗಲು ಬಿಡುವುದಿಲ್ಲ. ಅಂಥ ಶೂ ಒಣಗಲು ಒಂದು ದಿನಕ್ಕಿಂತ ಹೆಚ್ಚು ಬೇಕಾಗಬಹುದು. ಜಾಲರಿಯ ಶೂ ಹತ್ತು ಹೆಜ್ಜೆಗೆ ನೀರನ್ನು ಹಿಂಡಿ ಹಾಕಿ, ಬಿಸಿಲಿದ್ದರೆ ಒಂದೆರಡು ಗಂಟೆಯಲ್ಲಿ ಬಹುಮಟ್ಟಿಗೆ ಆರುತ್ತದೆ. ಜಾಲರಿಗೆ ಇರುವ ಒಂದೇ ದೊಡ್ಡ ಕೊರತೆ ಎಂದರೆ ನುಣ್ಣನೆಯ ಮರಳು, ದೂಳು ಒಳಗೆ ಇಳಿಯುವುದು. ಅಂಥ ದಾರಿಯಾದರೆ ಸ್ವಲ್ಪ ಒತ್ತಾದ ನೇಯ್ಗೆಯದನ್ನು ಆರಿಸು. ಲೇಸಿನ ಅಡಿಯ ನಾಲಿಗೆಯ ಎರಡೂ ಅಂಚು ಶೂಗೆ ಹೊಲಿದಿರಲಿ. ಸಡಿಲ ನಾಲಿಗೆಯ ಪಕ್ಕದಿಂದಲೇ ಹರಳು ಒಳಗೆ ಬರುವುದು ಹೆಚ್ಚು.

ಅಳತೆಯ ವಿಷಯಕ್ಕೆ ಬರುತ್ತೇನೆ, ಇದನ್ನು ನಿಧಾನವಾಗಿ ಓದು. ಶೂ ನೋಡಲು ಸಂಜೆ ಹೊತ್ತು ಹೋಗು, ದಿನವಿಡೀ ಓಡಾಡಿದ ಪಾದ ಆಗ ಸ್ವಲ್ಪ ಹಿಗ್ಗಿರುತ್ತದೆ. ಬೆಟ್ಟಕ್ಕೆ ಹಾಕುವ ಕಾಲುಚೀಲವನ್ನೇ ಜೊತೆಗೆ ಒಯ್ಯಿ. ಮೊದಲು ಶೂ ಒಳಗಿನ ಮೆತ್ತೆಯನ್ನು ಹೊರಕ್ಕೆ ಎಳೆದು ನೆಲಕ್ಕೆ ಹಾಕಿ, ಹಿಮ್ಮಡಿಯನ್ನು ಅದರ ಹಿಂಭಾಗಕ್ಕೆ ಕೂರಿಸಿ, ಎರಡೂ ಕಾಲ ಮೇಲೆ ಭಾರ ಹಾಕಿ ನಿಲ್ಲು. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು, ಅಂದರೆ ಒಂದರಿಂದ ಒಂದೂವರೆ ಸೆಂಟಿಮೀಟರ್, ಖಾಲಿ ಉಳಿಯಬೇಕು. ಅತಿ ಉದ್ದದ್ದು ಎಲ್ಲರಿಗೂ ಹೆಬ್ಬೆರಳೇ ಆಗಿರುವುದಿಲ್ಲ, ಕೆಲವರಿಗೆ ಪಕ್ಕದ ಬೆರಳು. ಕಿರುಬೆರಳಿನ ಕಡೆ ಪಾದ ಮೆತ್ತೆಯಿಂದ ಆಚೆ ಚಾಚಿದರೆ ಆ ಶೂ ನಿನಗೆ ಅಗಲ ಸಾಲದು. ಆಗ ಉದ್ದದ ಸೈಜು ಏರಿಸುವುದು ಪರಿಹಾರವಲ್ಲ, ಅದೇ ಸೈಜಿನಲ್ಲಿ ಅಗಲದ ಮಾದರಿ ಕೇಳು. ಎರಡು ಪಾದ ಒಂದೇ ಅಳತೆಯಲ್ಲಿರುವುದು ಅಪರೂಪ, ದೊಡ್ಡ ಪಾದಕ್ಕೆ ಸರಿಹೋಗುವುದನ್ನೇ ತೆಗೆದುಕೊ.

ಮೆತ್ತೆಯನ್ನು ಒಳಗಿಟ್ಟು, ಲೇಸು ಕಟ್ಟದೆ ಪಾದವನ್ನು ತುದಿಗೆ ತಾಗುವಷ್ಟು ಮುಂದಕ್ಕೆ ತಳ್ಳು. ಹಿಮ್ಮಡಿಯ ಹಿಂದೆ ತೋರುಬೆರಳು ಸಲೀಸಾಗಿ ಇಳಿಯಬೇಕು. ಬೆರಳು ಇಳಿಯದಿದ್ದರೆ ಚಿಕ್ಕದಾಯಿತು, ಎರಡು ಬೆರಳು ಇಳಿದರೆ ದೊಡ್ಡದಾಯಿತು. ಆಮೇಲೆ ಲೇಸು ಕಟ್ಟಿ ಹದಿನೈದಿಪ್ಪತ್ತು ನಿಮಿಷವಾದರೂ ಓಡಾಡು. ಅಂಗಡಿಯಲ್ಲಿ ಇಳಿಜಾರು ಹಲಗೆ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಮೆಟ್ಟಿಲ ಮೇಲೆ ಇಳಿದು ನೋಡು. ಏರುವಾಗ ಬಹುತೇಕ ಶೂಗಳು ಚೆನ್ನಾಗಿಯೇ ಇರುತ್ತವೆ. ಇಳಿಯುವಾಗ ಬೆರಳು ಮುಂದಿನ ಗೋಡೆಗೆ ಒಂದು ಸಲ ತಾಗಿದರೂ ಬೇಡ ಅನ್ನು. ಅಂಗಡಿಯಲ್ಲಿ ಒಂದು ಸಲ ತಾಗಿದ್ದು ಬೆಟ್ಟದಲ್ಲಿ ಸಾವಿರ ಸಲ ತಾಗುತ್ತದೆ, ಉಗುರಿನಡಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿ ಕೊನೆಗೆ ಉಗುರೇ ಕಳಚುತ್ತದೆ. ಏರುವಾಗ ಹಿಮ್ಮಡಿ ಎದ್ದೆದ್ದು ಬರುವುದೂ ಕೂಡದು. “ಹಾಕ್ತಾ ಹಾಕ್ತಾ ಸರಿಹೋಗುತ್ತೆ” ಎಂಬ ಮಾತು ದಪ್ಪ ಚರ್ಮದ ಬೂಟಿನ ಬಿರುಸಿಗೆ ಒಪ್ಪುತ್ತದೆ, ಉದ್ದ ಸಾಲದ ಶೂಗೆ ಎಂದೂ ಒಪ್ಪುವುದಿಲ್ಲ.

ಶೂ ಗಟ್ಟಿಯೋ ಪೊಳ್ಳೋ ಎಂದು ಕೈಯಲ್ಲೇ ಪರೀಕ್ಷಿಸಬಹುದು. ಮುಂದು ಹಿಂದು ಹಿಡಿದು ಬಗ್ಗಿಸು. ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಡುವಿನ ಕಮಾನಿನಲ್ಲಿ ಮಡಚಿಕೊಳ್ಳಬಾರದು. ಒದ್ದೆ ಬಟ್ಟೆ ಹಿಂಡುವಂತೆ ತಿರುಚು. ಸ್ವಲ್ಪ ತಿರುಗಿ ನಿಲ್ಲಬೇಕು, ಬಟ್ಟೆಯಂತೆಯೇ ಸುತ್ತಿಕೊಂಡರೆ ಕಲ್ಲುದಾರಿಯಲ್ಲಿ ಅಂಗಾಲು ನೋಯುತ್ತದೆ. ಹಿಮ್ಮಡಿಯ ಗೋಡೆ ಒತ್ತಿದರೆ ಕುಸಿಯಬಾರದು. ತಳದ ಹಲ್ಲು ಒಣಗಿದ ಗಟ್ಟಿ ನೆಲಕ್ಕೆ 3ರಿಂದ 4 ಮಿ.ಮೀ. ಇದ್ದರೆ ಸಾಕು, ಸಡಿಲ ಮಣ್ಣು, ಕೆಸರಿಗೆ 5 ಮಿ.ಮೀ. ಮೇಲ್ಪಟ್ಟು ಬೇಕು. ಆಳದ ಹಲ್ಲು ಬಂಡೆಯ ಮೇಲೆ ಒಳ್ಳೆಯದಲ್ಲ, ಅಲ್ಲಿ ರಬ್ಬರಿನ ತುದಿಗಳಷ್ಟೇ ತಾಗುತ್ತವೆ. ಮೆತ್ತನೆಯ ರಬ್ಬರು ಬಂಡೆಗೆ ಚೆನ್ನಾಗಿ ಕಚ್ಚುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ಬಾಳುತ್ತದೆ, ಒದ್ದೆ ಬಂಡೆಯಲ್ಲಿ ಜಾರುತ್ತದೆ. ನನ್ನನ್ನು ಕೇಳಿದರೆ ಸವೆದರೂ ಚಿಂತೆಯಿಲ್ಲ, ಕಚ್ಚುವುದನ್ನೇ ಕೊಳ್ಳು.

ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸಕ್ಕೆ ಡ್ರಾಪ್ ಎನ್ನುತ್ತಾರೆ. ನೀನು ಈಗ ಹಾಕುವ ಶೂಗಳಲ್ಲಿ ಅದು 8ರಿಂದ 12 ಮಿ.ಮೀ. ಇರಬಹುದು. ಒಮ್ಮೆಲೇ ಸೊನ್ನೆ ಡ್ರಾಪಿನ ಶೂ ಹಾಕಿ ಇಪ್ಪತ್ತು ಕಿಲೋಮೀಟರ್ ನಡೆದರೆ ಮೀನಖಂಡ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಎಳೆದುಕೊಳ್ಳುತ್ತವೆ. ಬೇಕೇ ಬೇಕೆಂದರೆ ಕೆಲವು ವಾರ ಸಣ್ಣ ಸಣ್ಣ ನಡಿಗೆಯಲ್ಲಿ ರೂಢಿಸಿಕೊ.

ಬೂಟು ಕಾಲು ಉಳುಕುವುದನ್ನು ತಡೆಯುತ್ತದೆ ಎಂದು ನಿನ್ನ ಜೊತೆಯವರು ಹೇಳುತ್ತಾರಂತೆ. ಎತ್ತರದ ಕತ್ತು ಗಿಣ್ಣಿಗೆ ಕಲ್ಲು ತಾಗದಂತೆ ಕಾಯುತ್ತದೆ, ಒಂದಿಷ್ಟು ಆಸರೆಯನ್ನೂ ಕೊಡುತ್ತದೆ. ಆದರೆ ಬಟ್ಟೆಯ ಮೆತ್ತನೆ ಕತ್ತಿನ ಬೂಟು ತಿರುಚುವ ಕಾಲನ್ನು ಹಿಡಿದು ನಿಲ್ಲಿಸಲಾರದು. ಆ ಕೆಲಸ ಮಾಡುವುದು ನಿನ್ನ ಸ್ನಾಯುಗಳು. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ಒಂದೊಂದು ನಿಮಿಷ ನಿಲ್ಲುವ ಅಭ್ಯಾಸ ಇಂದೇ ಶುರು ಮಾಡು. ಇನ್ನು ಭಾರದ ಲೆಕ್ಕ ನೋಡು. ಟ್ರೇಲ್ ಶೂ ಜೋಡಿಗೆ 500ರಿಂದ 700 ಗ್ರಾಂ, ಚರ್ಮದ ಬೂಟು ಜೋಡಿಗೆ 1.2ರಿಂದ 1.6 ಕಿಲೋ. ಕಾಲೊಂದಕ್ಕೆ 400 ಗ್ರಾಂ ಹೆಚ್ಚೆಂದು ಹಿಡಿದರೂ, ಕಿಲೋಮೀಟರಿಗೆ ಸುಮಾರು 1400 ಹೆಜ್ಜೆಯಂತೆ, 500 ಕಿಲೋಗೂ ಮೀರಿದ ಭಾರವನ್ನು ಸುಮ್ಮನೆ ಎತ್ತಿ ಇಳಿಸಿದಂತಾಯಿತು. ಹೊರೆ ಹದಿನೈದು ಕಿಲೋ ದಾಟಿದಾಗ, ದಾರಿಯೇ ಇಲ್ಲದ ಉರುಳುಗಲ್ಲಿನ ಇಳಿಜಾರಿನಲ್ಲಿ, ಹಿಮ ಉಳಿದಿರುವ ಎತ್ತರದಲ್ಲಿ, ಇಲ್ಲವೇ ಹಿಂದೆ ಗಿಣ್ಣು ಉಳುಕಿ ಪೂರ್ತಿ ವಾಸಿಯಾಗದಿದ್ದಾಗ ಬೂಟೇ ಸರಿ. ಆಗ ಮುಲಾಜು ಬೇಡ.

ಕಾಲುಚೀಲ ಹತ್ತಿಯದು ಬೇಡವೇ ಬೇಡ. ಹತ್ತಿ ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ತೆಳು ಮೆರಿನೊ ಉಣ್ಣೆ ಅಥವಾ ಸಿಂಥೆಟಿಕ್ ನೂಲಿನದು ತೆಗೆದುಕೊ, ಶೂ ಬಾಯಿಗಿಂತ ಎತ್ತರ ಇರಲಿ. ಎರಡು ಜೊತೆ ಇದ್ದರೆ ಮಧ್ಯಾಹ್ನ ಬದಲಾಯಿಸಿ, ಒದ್ದೆಯಾದದ್ದನ್ನು ಚೀಲದ ಹೊರಗೆ ನೇತುಹಾಕಿ ಒಣಗಿಸಬಹುದು.

ಹಿಮ್ಮಡಿ ಅಲುಗದಂತೆ ಲೇಸು ಕಟ್ಟುವ ಬಗೆ ಕಲಿತುಕೊ. ಮೇಲಿನ ಕೊನೆಯ ಎರಡು ತೂತು ಉಳಿದಾಗ ಲೇಸನ್ನು ಅಡ್ಡ ದಾಟಿಸದೆ, ಅದೇ ಪಕ್ಕದ ಮೇಲಿನ ತೂತಿಗೆ ಹೊರಗಿನಿಂದ ಒಳಕ್ಕೆ ಪೋಣಿಸು. ಎರಡೂ ಕಡೆ ಪುಟ್ಟ ಕುಣಿಕೆ ಆಗುತ್ತದೆ. ಎಡಗಡೆಯ ತುದಿಯನ್ನು ಬಲಗಡೆಯ ಕುಣಿಕೆಯಲ್ಲಿ, ಬಲಗಡೆಯದನ್ನು ಎಡಗಡೆಯದರಲ್ಲಿ ತೂರಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿಕೊಂಡು ಎಳೆದು ಗಂಟು ಹಾಕು. ಬೆರಳುಗಳ ಮೇಲಿನ ಲೇಸು ಸಡಿಲವಾಗಿಯೇ ಇರಲಿ, ಪಾದ ಊದಲು ಜಾಗ ಬೇಕು. ಇಳಿಯಲು ಶುರು ಮಾಡುವ ಮುಂಚೆ ಒಂದು ನಿಮಿಷ ಕೂತು ಮತ್ತೆ ಕಟ್ಟಿಕೊ.

ಹೊಸ ಶೂ ಹಾಕಿಕೊಂಡು ನೇರ ಬೆಟ್ಟಕ್ಕೆ ಹೋಗಬೇಡ. ಟ್ರೇಲ್ ಶೂಗೆ ಮೂವತ್ತು ನಲವತ್ತು ಕಿಲೋಮೀಟರ್ ಊರೊಳಗಿನ ನಡಿಗೆ ಸಾಕು, ಚರ್ಮದ ಬೂಟಿಗೆ ಎರಡು ಮೂರು ವಾರ ಬೇಕು. ಶೂ ತಳದ ನಡುವಿನ ಮೆತ್ತನೆ ಪದರ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಸೊರಗುತ್ತದೆ. ಮೇಲೆ ಹೊಸದರಂತೆ ಕಂಡರೂ, ಪಕ್ಕದಲ್ಲಿ ಅಡ್ಡ ಸುಕ್ಕು ಮೂಡಿದ್ದರೆ, ಮೇಜಿನ ಮೇಲಿಟ್ಟಾಗ ಒಂದು ಕಡೆ ವಾಲಿದರೆ ಅದರ ಕೆಲಸ ಮುಗಿಯಿತು. ಮನೆಯಲ್ಲಿ ಯಾರದಾದರೂ ಹಳೇ ಬೂಟು ಬಹಳ ವರ್ಷದಿಂದ ಬಳಸದೆ ಇದೆಯೆಂದು ಹಾಕಿಕೊಂಡು ಹೊರಡಬೇಡ. ಪಾಲಿಯುರೆಥೇನ್ ತಳವಾದರೆ ಗಾಳಿಯ ತೇವಕ್ಕೆ ಒಳಗೊಳಗೇ ಶಿಥಿಲವಾಗಿರುತ್ತದೆ, ನಡುದಾರಿಯಲ್ಲಿ ಪುಡಿಪುಡಿಯಾಗಿ ಅಟ್ಟೆ ಕಳಚಿ ಬೀಳುತ್ತದೆ. ಒದ್ದೆ ಶೂವನ್ನು ಬೆಂಕಿಯ ಹತ್ತಿರ ಒಣಗಿಸಬೇಡ, ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡ, ಕಾವಿಗೆ ಅಂಟು ಬಿಡುತ್ತದೆ. ಮೆತ್ತೆ ಹೊರತೆಗೆದು, ಒಳಗೆ ಹಳೇ ಪೇಪರ್ ತುರುಕಿ, ನೆರಳಲ್ಲಿ ಗಾಳಿಗೆ ಇಡು.

ಹೊರಡುವ ಎರಡು ಮೂರು ದಿನ ಮುಂಚೆ ಕಾಲುಗುರನ್ನು ನೇರವಾಗಿ ಕತ್ತರಿಸಿಕೊ. ಚೀಲದಲ್ಲಿ ಅಂಟುಪಟ್ಟಿಯ ಸುರುಳಿ ಒಂದಿರಲಿ. ನಡೆಯುವಾಗ ಹಿಮ್ಮಡಿಯಲ್ಲೋ ಬೆರಳಲ್ಲೋ ಒಂದು ಕಡೆ ಉರಿ ಅನ್ನಿಸಿದರೆ, ಎಲ್ಲರೂ ಮುಂದೆ ಹೋಗುತ್ತಿದ್ದಾರೆಂದು ಸಂಕೋಚಪಟ್ಟು ತಡೆದುಕೊಳ್ಳಬೇಡ ಮಗಳೇ. ಅಲ್ಲೇ ಕೂತು ಶೂ ಬಿಚ್ಚಿ, ಕಾಲು ಒರೆಸಿ ಆರಿಸಿ, ಆ ಜಾಗಕ್ಕೆ ಸುಕ್ಕಿಲ್ಲದಂತೆ ಪಟ್ಟಿ ಹಚ್ಚಿಕೊಂಡು ಮುಂದೆ ಹೋಗು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ