ಇಲ್ಲದ ನಾಟಕಕ್ಕೆ ನೀವು ಬರೆದ ಕಥಾಸಾರ

ಇಂದ,
ಭಾರತೀಯ ತಂಡಗಳ ಸಂಯೋಜಕಿ,
ಅಂತರರಾಷ್ಟ್ರೀಯ ಇಂಪ್ರೊವ್ ಹಾಸ್ಯೋತ್ಸವ ಸಮಿತಿ,
ಬರ್ಲಿನ್

ಗೆ,
ವ್ಯವಸ್ಥಾಪಕರು,
ವೀಸಾ ಮತ್ತು ಪ್ರವಾಸ ಸೇವಾ ಸಂಸ್ಥೆ,
ಬೆಂಗಳೂರು

ದಿನಾಂಕ: 17 ನವೆಂಬರ್ 2025

ವಿಷಯ: ಆರು ಕಲಾವಿದರ ವೀಸಾ ಅರ್ಜಿಗಳಿಗೆ ಸುಳ್ಳು ದಾಖಲೆ ಸೇರಿಸಿ ತಿರಸ್ಕಾರಕ್ಕೆ ಕಾರಣವಾದ ಬಗ್ಗೆ ದೂರು, ಲಿಖಿತ ಹೇಳಿಕೆ ಮತ್ತು ಹಣ ಮರುಪಾವತಿಗೆ ಒತ್ತಾಯ.

ಮಾನ್ಯರೇ,

ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ ನಡೆದ ನಮ್ಮ ಉತ್ಸವಕ್ಕೆ ಬೆಂಗಳೂರಿನ ಇಂಪ್ರೊವ್, ಅಂದರೆ ಸ್ಕ್ರಿಪ್ಟ್ ಇಲ್ಲದೆ ವೇದಿಕೆಯಲ್ಲೇ ಕಟ್ಟುವ ಆಶುನಟನೆಯ, ತಂಡವೊಂದರ ಆರು ಮಂದಿ ಬರಬೇಕಿತ್ತು. ಒಬ್ಬರೂ ಬರಲಿಲ್ಲ. ಆರು ಜನರ ಅರ್ಜಿಗಳೂ ತಿರಸ್ಕೃತವಾದವು. ತಿರಸ್ಕಾರ ಪತ್ರದಲ್ಲಿ ಗುರುತು ಹಾಕಿದ್ದ ಕಾರಣ ಒಂದೇ: ವಾಸ್ತವ್ಯದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲ. ಅದನ್ನು ಓದಿದಾಗ ನಮಗೆಲ್ಲ ವೀಸಾ ಅಧಿಕಾರಿಗಳ ಮೇಲೆ ಸಿಟ್ಟು ಬಂದದ್ದು ನಿಜ. ಆಮೇಲೆ ತಂಡದವರು ಪಟ್ಟು ಹಿಡಿದು ನಿಮ್ಮಿಂದ ಕಡತದ ಪ್ರತಿ ಪಡೆದು ನನಗೆ ಕಳುಹಿಸಿದರು. ಪೂರ್ತಿ ಓದಿದೆ. ಆ ಅಧಿಕಾರಿಯ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನಮ್ಮ ಆಹ್ವಾನ ಪತ್ರದ ಬೆನ್ನಿಗೇ ಶುರುವಾಗುತ್ತದೆ ಆ ಮಹಾನ್ ಕೃತಿ. ತಲೆಬರಹ, ‘ಪ್ರದರ್ಶಿಸಲಿರುವ ನಾಟಕದ ಕಥಾಸಾರ’. ಮೂರು ಅಂಕಗಳು. ಮೊದಲ ಅಂಕದಲ್ಲಿ ಹಳ್ಳಿಯ ಜಮೀನ್ದಾರನ ದರ್ಪ, ಎರಡನೆಯದರಲ್ಲಿ ವರದಕ್ಷಿಣೆ, ಕುಡಿತ ಮತ್ತು ಆಸ್ತಿ ಜಗಳ ಒಟ್ಟೊಟ್ಟಿಗೆ, ಮೂರನೆಯದರಲ್ಲಿ ಪ್ರಾಮಾಣಿಕ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬ ಬಂದು ಎಲ್ಲರ ಕಣ್ಣು ತೆರೆಸುತ್ತಾನೆ. ಕೊನೆಗೆ ಸಕಲರೂ ಪಶ್ಚಾತ್ತಾಪಪಟ್ಟು ದೀಪ ಬೆಳಗುತ್ತಾರೆ. ಪಾತ್ರ ಹಂಚಿಕೆಯ ಪಟ್ಟಿಯನ್ನೂ ಲಗತ್ತಿಸಿದ್ದೀರಿ. ತಂಡದಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬನಿದ್ದಾನೆ, ವೇದಿಕೆಯ ಮೇಲೆ ಬಾಯಿ ಬಿಡುವವನೇ ಅಲ್ಲ. ಅವನಿಗೆ ಜಮೀನ್ದಾರನ ಪಾತ್ರ ಕೊಟ್ಟಿದ್ದೀರಿ. ‘ಕಳೆದ ಆರು ತಿಂಗಳಿಂದ ಸತತ ತಾಲೀಮು ನಡೆದಿದೆ’ ಎಂಬ ಪ್ರಮಾಣ ವಾಕ್ಯವೂ ಇದೆ. ಇಷ್ಟು ಶ್ರದ್ಧೆಯಿಂದ ಇಲ್ಲದ ನಾಟಕವೊಂದನ್ನು ಕಟ್ಟಿದವರು ಯಾರೋ ತಿಳಿಯದು. ಅವರು ಧಾರಾವಾಹಿ ಬರೆದು ಬದುಕಬಲ್ಲರು, ಅನುಮಾನವಿಲ್ಲ. ವೀಸಾ ಅರ್ಜಿ ಮಾತ್ರ ಮುಟ್ಟಬಾರದು.

ಈ ಕಥಾಸಾರವನ್ನು ನಿಮ್ಮಿಂದ ಯಾರೂ ಕೇಳಿರಲಿಲ್ಲ. ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಹೋಗುವವರು ಕೊಡಬೇಕಾದದ್ದು ಆಹ್ವಾನ ಪತ್ರ, ಕರೆದ ಸಂಸ್ಥೆಯ ಹೆಸರು ಮತ್ತು ವಾಸ್ತವ್ಯದ ಅವಧಿ ಇರುವ ಕಾರ್ಯಕ್ರಮದ ವಿವರ. ಇವೆಲ್ಲ ಆಗಸ್ಟ್‌ನಲ್ಲೇ ನಿಮ್ಮ ಕೈಯಲ್ಲಿದ್ದವು. ಇಂಪ್ರೊವ್ ಎಂದರೆ ಏನು ಎಂಬುದನ್ನೂ ನಮ್ಮ ಪತ್ರದಲ್ಲಿ ಬಿಡಿಸಿ ಬರೆದಿದ್ದೆವು: ಸ್ಕ್ರಿಪ್ಟ್ ಇರುವುದಿಲ್ಲ, ಪ್ರೇಕ್ಷಕರು ಕೊಡುವ ಒಂದು ಪದ ಅಥವಾ ಸನ್ನಿವೇಶ ಹಿಡಿದು ಕಲಾವಿದರು ಅಲ್ಲೇ ದೃಶ್ಯ ಕಟ್ಟುತ್ತಾರೆ, ಮಾತು, ಹಾಡು, ಬೆಳಕು ಎಲ್ಲವೂ ಆ ಕ್ಷಣದ್ದು. ಫೋನಿನಲ್ಲೂ ನಿಮ್ಮ ಪ್ರತಿನಿಧಿಗೆ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಉದಾಹರಣೆ ಕೊಟ್ಟು ಹೇಳಿದ್ದೆ. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಇರುತ್ತದೆ, ಪಾತ್ರವಾಗಿ ಮಾತನಾಡುವ ಅರ್ಥಧಾರಿ ಆಡುವ ಮಾತು ಎಲ್ಲಿಯೂ ಬರೆದಿರುವುದಿಲ್ಲ. ಕರ್ಣನ ಅರ್ಥ ಹೇಳುವವರು ಕೃಷ್ಣನ ಮಾತಿಗೆ ಅಲ್ಲೇ ಉತ್ತರ ಹುಡುಕಬೇಕು. ಇಂಪ್ರೊವ್‌ನಲ್ಲಿ ಆ ಪದ್ಯದ ಆಸರೆಯೂ ಇಲ್ಲ, ಅಷ್ಟೇ ವ್ಯತ್ಯಾಸ ಎಂದಿದ್ದೆ. ಅವರು ‘ಗೊತ್ತಾಯಿತು ಮೇಡಂ, ನಮ್ಮ ಅಜ್ಜನ ಊರು ಉಡುಪಿ’ ಎಂದಿದ್ದರು. ನನಗೆ ಎಷ್ಟು ನೆಮ್ಮದಿಯಾಗಿತ್ತು ಎಂದರೆ, ಸಮಿತಿಯ ಸಭೆಯಲ್ಲಿ ನಿಮ್ಮ ಸಂಸ್ಥೆಯನ್ನು ಹೊಗಳಿ ಮಾತನಾಡಿದ್ದೆ.

ಆಮೇಲೆ ಆದದ್ದು ಇಷ್ಟು. ಕಲಾವಿದೆಯೊಬ್ಬರಿಗೆ ವೀಸಾ ವಿಭಾಗದಿಂದ ಫೋನ್ ಬಂತು. ನಾಟಕದಲ್ಲಿ ನಿಮ್ಮದು ಯಾವ ಪಾತ್ರ ಎಂದು ಕೇಳಿದರು. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ‘ಇನ್ನೂ ಗೊತ್ತಿಲ್ಲ. ಆ ದಿನ ಜನ ಏನು ಕೊಡುತ್ತಾರೋ ಅದರ ಮೇಲೆ.’ ಕೇಳಿದವರ ಮುಂದಿದ್ದ ಕಾಗದದಲ್ಲಿ ಆಕೆ ಇನ್‌ಸ್ಪೆಕ್ಟರನ ತಂಗಿ, ಎರಡನೆಯ ಅಂಕದಲ್ಲಿ ಮನೆ ಬಿಟ್ಟು ಹೋಗುವವಳು. ಎಷ್ಟು ತಿಂಗಳಿಂದ ತಾಲೀಮು ಎಂದಾಗ, ‘ಈ ಪ್ರದರ್ಶನಕ್ಕೆ ತಾಲೀಮು ಇರುವುದಿಲ್ಲ, ಅಭ್ಯಾಸ ಮಾತ್ರ ವಾರವಾರ ಮಾಡುತ್ತೇವೆ’ ಎಂದರಂತೆ. ಅಷ್ಟು ಸಾಕಾಯಿತು. ಸತ್ಯ ಹೇಳಿ ಸುಳ್ಳುಗಾರ್ತಿಯಾದ ಆ ಹೆಣ್ಣುಮಗಳಿಗೆ ನಿಮ್ಮ ಕಥಾಸಾರದ ಸುಳಿವೂ ಇರಲಿಲ್ಲ. ಸಹಿ ಮಾಡಿಸಿಕೊಂಡ ಮೇಲೆ ಆ ಪುಟಗಳನ್ನು ಸೇರಿಸಿದ್ದೀರಿ ಎಂದು ಆರು ಮಂದಿಯೂ ಹೇಳುತ್ತಾರೆ.

ಕಾರಣ ಕೇಳಿದರೆ ನಿಮ್ಮ ಪ್ರತಿನಿಧಿಯ ಉತ್ತರ ಇದು: ‘ಸ್ಕ್ರಿಪ್ಟ್ ಇಲ್ಲ ಎಂದರೆ ಅವರು ಒಪ್ಪುವುದಿಲ್ಲ ಮೇಡಂ, ಅದಕ್ಕೇ ನಾವು ಅಡ್ಜಸ್ಟ್ ಮಾಡಿದೆವು.’ ಒಂದು ವಿಷಯ ತಿಳಿಸಬೇಕು. ಸ್ಕ್ರಿಪ್ಟ್ ಇಲ್ಲದ್ದನ್ನು ಒಪ್ಪದ ಕಾಲ ನಿಜಕ್ಕೂ ಒಂದಿತ್ತು. ಇಂಗ್ಲೆಂಡಿನಲ್ಲಿ 1968ರವರೆಗೂ ಸಾರ್ವಜನಿಕವಾಗಿ ಆಡುವ ನಾಟಕದ ಪ್ರತಿಯನ್ನು ಮೊದಲೇ ಲಾರ್ಡ್ ಚೇಂಬರ್‌ಲೇನ್ ಎಂಬ ಅರಮನೆಯ ಅಧಿಕಾರಿಯ ಕಚೇರಿಗೆ ಸಲ್ಲಿಸಿ ಅನುಮತಿ ಪಡೆಯಬೇಕಿತ್ತು. ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಆಶುನಟನೆ ಕಲಿಸುತ್ತಿದ್ದ ಕೀತ್ ಜಾನ್‌ಸ್ಟನ್‌ಗೆ ಇದು ದೊಡ್ಡ ತೊಡಕಾಗಿತ್ತು. ಇನ್ನೂ ಹುಟ್ಟದ ಮಾತಿನ ಪ್ರತಿಯನ್ನು ಎಲ್ಲಿಂದ ತರುವುದು? ಅವರು ಅದನ್ನು ನಾಟಕ ಎನ್ನದೆ ಪ್ರಾತ್ಯಕ್ಷಿಕೆ ಎಂದು ಕರೆದು ಜನರ ಮುಂದೆ ಆಡಿಸಿದರು. ಮುಂದೆ ಕೆನಡಾದ ಕ್ಯಾಲ್ಗರಿಗೆ ಹೋಗಿ 1977ರಲ್ಲಿ ಥಿಯೇಟರ್‌ಸ್ಪೋರ್ಟ್ಸ್ ಎಂಬ, ತಂಡಗಳು ಪಂದ್ಯದಂತೆ ಆಡುವ ಇಂಪ್ರೊವ್ ಶುರುಮಾಡಿದ ಮನುಷ್ಯ ಇವರೇ. ಕಾನೂನೇ ಸ್ಕ್ರಿಪ್ಟ್ ಕೇಳುತ್ತಿದ್ದ ಕಾಲದಲ್ಲಿ ಅವರು ದಾರಿ ಹುಡುಕಿದರು. ಯಾರೂ ಕೇಳದ ಕಾಲದಲ್ಲಿ ನೀವು ಬರೆದುಕೊಟ್ಟಿರಿ.

ಕಥಾಸಾರ ಒಂದೇ ಆಗಿದ್ದರೆ ಯಾರೋ ಒಬ್ಬ ನೌಕರರ ಅತ್ಯುತ್ಸಾಹ ಎಂದುಕೊಳ್ಳಬಹುದಿತ್ತು. ವಸತಿಯ ದಾಖಲೆಯಲ್ಲೂ ಇದೇ ಕೈಚಳಕ. ನಮ್ಮದು ದೊಡ್ಡ ಪ್ರಾಯೋಜಕರಿರುವ ಉತ್ಸವವಲ್ಲ. ಅತಿಥಿ ಕಲಾವಿದರು ಇಲ್ಲಿನ ಸ್ವಯಂಸೇವಕರ ಮನೆಗಳಲ್ಲಿ ಉಳಿಯುತ್ತಾರೆ. ಈ ಬಾರಿ ನೊಯ್‌ಕೋಲ್ನ್ ಬಡಾವಣೆಯ ಎರಡು ಮನೆಗಳನ್ನು ಗೊತ್ತುಮಾಡಿದ್ದೆವು. ಆ ಮನೆಯವರು ಇಲ್ಲಿನ ವಲಸೆ ಕಚೇರಿಗೆ ಹೋಗಿ, ತಮ್ಮ ಸಂಬಳದ ಚೀಟಿ ತೋರಿಸಿ, ತಲಾ 29 ಯೂರೊ ಕಟ್ಟಿ, ಅತಿಥಿಗಳ ಖರ್ಚಿನ ಹೊಣೆ ನಮ್ಮದು ಎಂಬ ಅಧಿಕೃತ ಬದ್ಧತಾ ಪತ್ರ ಮಾಡಿಸಿದ್ದರು. ಮುಖವನ್ನೂ ನೋಡದ ಜನರಿಗಾಗಿ ಹೀಗೆ ಸಹಿ ಹಾಕುವುದು ಸಣ್ಣ ಮಾತಲ್ಲ. ಮೂಲ ಪ್ರತಿಗಳನ್ನು ಕೊರಿಯರ್‌ನಲ್ಲಿ ಕಳುಹಿಸಿದ್ದೆವು, ತಲುಪಿದ್ದಕ್ಕೆ ನಿಮ್ಮ ಕಚೇರಿಯ ಸಹಿಯೂ ಇದೆ. ಅವು ಕಡತದಲ್ಲಿ ಇಲ್ಲ. ಬದಲಿಗೆ ಅಲೆಕ್ಸಾಂಡರ್‌ಪ್ಲಾಟ್ಸ್ ಹತ್ತಿರದ ಹೋಟೆಲ್ ಒಂದರ ತೋರಿಕೆಯ ಬುಕಿಂಗ್ ಇದೆ, ಅರ್ಜಿ ಸಲ್ಲಿಸಿದ ಮರುದಿನವೇ ರದ್ದಾದದ್ದು. ಆಹ್ವಾನ ಪತ್ರ ಮನೆಯಲ್ಲಿ ವಸತಿ ಎನ್ನುತ್ತದೆ, ಅರ್ಜಿ ಹೋಟೆಲ್ ಎನ್ನುತ್ತದೆ. ಗೌರವಧನದ ಕಥೆಯೂ ಹಾಗೆಯೇ. ಹೊರದೇಶದ ಕಲಾವಿದರ ಸಂಭಾವನೆಯಲ್ಲಿ ಇಲ್ಲಿ ಶೇ 15 ತೆರಿಗೆ ಮುರಿಯಬೇಕು. ಒಂದು ಪ್ರದರ್ಶನಕ್ಕೆ ತಲಾ 250 ಯೂರೊ ಮೀರದಿದ್ದರೆ ಬೇಡ. ನಾವು ಆ ಮಿತಿಯೊಳಗೆ ಮೊತ್ತ ನಿಗದಿ ಮಾಡಿ ಪತ್ರದಲ್ಲಿ ನಮೂದಿಸಿದ್ದೆವು. ನಿಮ್ಮ ಮುಖಪತ್ರದಲ್ಲಿ ‘ಯಾವುದೇ ಹಣ ಪಡೆಯುವುದಿಲ್ಲ’ ಎಂದಿದೆ. ವಿಮೆಯ ಅವಧಿ ಮರಳುವ ವಿಮಾನದ ಹಿಂದಿನ ದಿನವೇ ಮುಗಿಯುತ್ತಿತ್ತು. ಅದನ್ನು ದೊಡ್ಡದು ಮಾಡುವುದಿಲ್ಲ.

ತಿರಸ್ಕಾರದ ನಂತರ ನೀವು ಮಾಡಿದ್ದು ಇನ್ನೂ ಕೆಟ್ಟದ್ದು. ‘ಮರುಪರಿಶೀಲನೆಗೆ ಮೇಲ್ಮನವಿ ಹಾಕುತ್ತೇವೆ’ ಎಂದು ಪ್ರತಿಯೊಬ್ಬರಿಂದ ಮತ್ತೆ 4,500 ರೂಪಾಯಿ ವಸೂಲು ಮಾಡಿದಿರಿ. ಜರ್ಮನಿ ತನ್ನ ವೀಸಾ ಕಚೇರಿಗಳಲ್ಲಿದ್ದ ಆ ಮರುಪರಿಶೀಲನೆಯ ವ್ಯವಸ್ಥೆಯನ್ನು 2025ರ ಜುಲೈ 1ರಿಂದ ಕೈಬಿಟ್ಟಿದೆ. ಈಗ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಬರ್ಲಿನ್‌ನ ಆಡಳಿತಾತ್ಮಕ ನ್ಯಾಯಾಲಯ. ವೀಸಾ ಸೇವೆಯನ್ನೇ ಕಸುಬು ಮಾಡಿಕೊಂಡ ಸಂಸ್ಥೆಗೆ ಸೆಪ್ಟೆಂಬರ್‌ನಲ್ಲಿ ಇದು ತಿಳಿದಿರಲಿಲ್ಲ ಎಂದರೆ ನಂಬುವುದು ಕಷ್ಟ. ತಿಳಿದಿತ್ತು ಎಂದರೆ ಅದಕ್ಕೆ ಬೇರೆ ಹೆಸರಿದೆ. ಉತ್ಸವಕ್ಕೆ ಇನ್ನೂ ಸಮಯವಿತ್ತು. ಆಗಲೇ ಸರಿಯಾದ ದಾಖಲೆಗಳೊಂದಿಗೆ ಹೊಸ ಅರ್ಜಿ ಹಾಕಿದ್ದರೆ ಅರ್ಧ ತಂಡವಾದರೂ ಬರುತ್ತಿತ್ತೇನೋ. ಇಲ್ಲದ ಮೇಲ್ಮನವಿಯ ಉತ್ತರಕ್ಕೆ ಕಾಯುತ್ತಾ ಆ ದಿನಗಳು ಹೋದವು.

ಆರು ಜನ ಬರದಿದ್ದರೆ ಏನಾಯಿತು, ಬೇರೆ ತಂಡಗಳಿರಲಿಲ್ಲವೇ ಎಂದು ನಿಮ್ಮ ಪ್ರತಿನಿಧಿ ಕೇಳಿದರು. ಇದ್ದವು. ಆದರೆ ಇಂತಹ ಉತ್ಸವದಲ್ಲಿ ತಂಡಗಳು ಬಂದು ತಮ್ಮ ಪಾಡಿಗೆ ಆಡಿ ಹೋಗುವುದಿಲ್ಲ. ಹಗಲು ಒಬ್ಬರಿಗೊಬ್ಬರು ಕಲಿಸುತ್ತಾರೆ, ಸಂಜೆ ತಂಡವಾಗಿ ಆಡುತ್ತಾರೆ, ರಾತ್ರಿ ಕೊನೆಯ ಪ್ರದರ್ಶನದಲ್ಲಿ ಫಿನ್ಲೆಂಡಿನವರು, ಸ್ಲೊವೇನಿಯಾದವರು, ಇಲ್ಲಿನವರು ಬೆರೆತು ನಿಲ್ಲುತ್ತಾರೆ. ಬೆಂಗಳೂರಿನ ತಂಡದ ಕಾರ್ಯಾಗಾರ ತಾಳಮದ್ದಳೆಯ ವಾದಸರಣಿಯ ಬಗ್ಗೆ ಇತ್ತು: ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದರ ಕೊನೆಯ ಎಳೆಯನ್ನೇ ಹಿಡಿದು ತಿರುಗಿಸುವುದು ಹೇಗೆ ಎಂಬುದು. ಯುರೋಪಿನ ಇಂಪ್ರೊವ್ ಕಲಾವಿದರು ಶಿಕಾಗೋದಿಂದ ಬಂದದ್ದನ್ನು ಅರೆದು ಕುಡಿದಿದ್ದಾರೆ. ಆಶುನಟನೆ ಕಲಿಸಲು ವಯೊಲಾ ಸ್ಪೋಲಿನ್ ರೂಪಿಸಿದ ಆಟಗಳು, 1959ರಲ್ಲಿ ಶುರುವಾದ ಸೆಕೆಂಡ್ ಸಿಟಿ ಎಂಬ ಹಾಸ್ಯ ರಂಗತಂಡದ ಪದ್ಧತಿ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಜಗಳವನ್ನೇ ಕಲೆಯಾಗಿಸಿದ, ಎದುರಾಳಿಯನ್ನು ಸೋಲಿಸುತ್ತಲೇ ಅವನನ್ನು ಬೆಳೆಸುವ ನಮ್ಮ ಪದ್ಧತಿ ಅವರಿಗೆ ಹೊಸದು. ಎಲ್ಲಕ್ಕಿಂತ ಮೊದಲು ಭರ್ತಿಯಾದ ಕಾರ್ಯಾಗಾರ ಅದೇ. ಹೆಸರು ಕೊಟ್ಟವರಿಗೆಲ್ಲ ಹಣ ಹಿಂದಿರುಗಿಸಿದೆವು. ಮುದ್ರಣವಾಗಿದ್ದ ಭಿತ್ತಿಪತ್ರಗಳ ಮೇಲೆ, ತಂಡದ ಚಿತ್ರಕ್ಕೆ ಅಡ್ಡವಾಗಿ, ಬಿಳಿ ಚೀಟಿ ಅಂಟಿಸುತ್ತಾ ಒಂದು ಇಡೀ ಸಂಜೆ ಕಳೆದೆವು.

ಇದೆಲ್ಲ ನಮ್ಮ ನಷ್ಟ, ತುಂಬಿಕೊಳ್ಳಬಹುದು. ಆರು ಯುವ ಕಲಾವಿದರದ್ದು ಹಾಗಲ್ಲ. ಈ ಅರ್ಜಿಯ ದಾಖಲೆ ಷೆಂಗೆನ್ ದೇಶಗಳ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ, ವೀಸಾ ಮಾಹಿತಿ ವ್ಯವಸ್ಥೆಯಲ್ಲಿ 5 ವರ್ಷ ಉಳಿಯುತ್ತದೆ. ನಾಳೆ ಅವರು ಆ 29 ದೇಶಗಳ ಪೈಕಿ ಯಾವುದಕ್ಕೆ ಅರ್ಜಿ ಹಾಕಿದರೂ ‘ಮಾಹಿತಿ ನಂಬಲರ್ಹವಲ್ಲ’ ಎಂಬ ಈ ಷರಾ ಮೊದಲು ಕಾಣುತ್ತದೆ. ಅವರಲ್ಲಿ ಒಬ್ಬರು ಸ್ನಾತಕೋತ್ತರ ವ್ಯಾಸಂಗಕ್ಕೆ ಮುಂದಿನ ವರ್ಷ ನೆದರ್ಲೆಂಡ್ಸ್‌ಗೆ ಹೋಗುವ ತಯಾರಿಯಲ್ಲಿದ್ದಾರೆ.

ಆದ್ದರಿಂದ ಹಣಕ್ಕಿಂತ ಮೊದಲು ನಮಗೆ ಬೇಕಾದದ್ದು ಒಂದು ಕಾಗದ. ಕಥಾಸಾರ, ಪಾತ್ರ ಹಂಚಿಕೆ, ಹೋಟೆಲ್ ಬುಕಿಂಗ್ ಮತ್ತು ಮುಖಪತ್ರವನ್ನು ಅರ್ಜಿದಾರರಿಗೆ ತಿಳಿಸದೆ ನಿಮ್ಮ ಸಂಸ್ಥೆಯೇ ತಯಾರಿಸಿ ಸೇರಿಸಿತು ಎಂದು ನಿಮ್ಮ ಅಧಿಕೃತ ಪತ್ರದಲ್ಲಿ, ಜವಾಬ್ದಾರಿಯುಳ್ಳವರ ಸಹಿ ಮತ್ತು ಮೊಹರಿನೊಂದಿಗೆ, ಆರು ಮಂದಿಗೂ ಪ್ರತ್ಯೇಕವಾಗಿ ಬರೆದುಕೊಡಿ. ಮುಂದಿನ ಅರ್ಜಿಗೆ ಅವರು ಅದನ್ನು ಲಗತ್ತಿಸುತ್ತಾರೆ. ‘ಸಂವಹನದ ಕೊರತೆಯಿಂದ’ ಎಂಬಂತಹ ಮೃದು ಮಾತು ಬೇಡ. ಜೊತೆಗೆ ತಲಾ 12,000 ರೂಪಾಯಿ ಸೇವಾ ಶುಲ್ಕ, ಮೇಲ್ಮನವಿಯ ಹೆಸರಿನಲ್ಲಿ ಪಡೆದ 4,500 ರೂಪಾಯಿ ಮತ್ತು ವ್ಯರ್ಥವಾದ 90 ಯೂರೊ ವೀಸಾ ಶುಲ್ಕದ ರೂಪಾಯಿ ಮೌಲ್ಯವನ್ನು ಪಾವತಿಸಿದವರ ಖಾತೆಗೇ ಮರಳಿಸಿ. ನಿಮ್ಮಲ್ಲಿ ಉಳಿದಿರುವ ಬದ್ಧತಾ ಪತ್ರಗಳ ಮೂಲ ಪ್ರತಿಗಳನ್ನು ವಾಪಸು ಕಳುಹಿಸಿ. ಅವುಗಳಲ್ಲಿ ನಮ್ಮ ಸ್ವಯಂಸೇವಕರ ಆದಾಯದ ವಿವರವಿದೆ, ನಿಮ್ಮ ಕಪಾಟಿನಲ್ಲಿ ಅವಕ್ಕೆ ಕೆಲಸವಿಲ್ಲ. ಮುಂದಿನ ಬಾರಿ ಶೇ 20 ರಿಯಾಯಿತಿ ಕೊಡುತ್ತೇವೆ ಎಂಬ ನಿಮ್ಮ ಇಮೇಲ್‌ಗೆ ಇದೇ ಉತ್ತರ ಎಂದು ತಿಳಿಯಿರಿ.

ಡಿಸೆಂಬರ್ 5ರೊಳಗೆ ಇವು ಆಗದಿದ್ದರೆ ತಂಡದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತಾರೆ. ವಕೀಲರ ಜೊತೆ ಮಾತುಕತೆ ಮುಗಿದಿದೆ. ಕಡತದ ಪ್ರತಿ, ಹಣ ಕಟ್ಟಿದ ರಸೀದಿಗಳು, ಕೊರಿಯರ್ ಸ್ವೀಕೃತಿ ಮತ್ತು ನಿಮ್ಮ ಪ್ರತಿನಿಧಿಯ ವಾಟ್ಸ್‌ಆ್ಯಪ್ ಸಂದೇಶಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಉತ್ತರ ಬರಹದಲ್ಲಿ ಬರಲಿ, ದಯವಿಟ್ಟು ಫೋನ್ ಮಾಡಬೇಡಿ.

ಇತಿ,
ಉತ್ಸವ ಸಮಿತಿಯ ಪರವಾಗಿ,
ಭಾರತೀಯ ತಂಡಗಳ ಸಂಯೋಜಕಿ